ಬೆಟ್ಟದ ಮೇಲೆ ನಿಂತ ಉಗ್ರಾಣಿ

ಬಸ್ ಡಿಪೋದ ಬಿಡಿಭಾಗಗಳ ಕೋಣೆಯನ್ನು ನೋಡಿಕೊಳ್ಳುವವನಿಗೆ ಕಚೇರಿಯ ಕಾಗದದಲ್ಲಿ ಯಾವ ಹುದ್ದೆಯೇ ಇರಲಿ, ಡಿಪೋದವರೆಲ್ಲ ಅವನನ್ನು ಉಗ್ರಾಣಿ ಎಂದೇ ಕರೆಯುತ್ತಿದ್ದರು. ನಟ್ಟು, ಬೋಲ್ಟು, ಬೇರಿಂಗು, ಬ್ರೇಕ್ ಲೈನಿಂಗು, ಹೆಡ್‌ಲೈಟಿನ ಬಲ್ಬು ಇವುಗಳ ನಡುವೆ ಕೂತು ಕೂತು ಗ್ರೀಸಿನ ವಾಸನೆ ಮೈಗೆ ಹತ್ತಿಹೋಗಿತ್ತು. ಗಂಡ ಮನೆಗೆ ಬಂದದ್ದು ಹೆಂಡತಿಗೆ ಬಾಗಿಲ ಸದ್ದಿಗಿಂತ ಮೊದಲು ಮೂಗಿಗೇ ತಿಳಿಯುತ್ತಿತ್ತು. ಯಾರ ಜೊತೆಗೂ ಜಗಳವಿಲ್ಲದ ಮನುಷ್ಯ. ಒಬ್ಬರು ಒಂದು ಮಾತು ಹೇಳಿದರೆ ಹೌದು ಎನ್ನುವುದು, ಇನ್ನೊಬ್ಬರು ಅದಕ್ಕೆ ತದ್ವಿರುದ್ಧ ಹೇಳಿದರೆ ಅದಕ್ಕೂ ಹೌದು ಎನ್ನುವುದು, ಇಷ್ಟೇ ಅವನ ರಾಜಕೀಯ. ಅಂಥವನು ಆ ಡಿಪೋ ಕಂಡು ಕೇಳರಿಯದ ಮುಷ್ಕರವೊಂದರ ನಾಯಕನಾದ. ಅದಕ್ಕೆ ಕಾರಣ ಒಂದು ಕುದುರೆ. ಆ ಕುದುರೆಯೂ ನಿಜವಾದದ್ದಲ್ಲ.

ಡಿಪೋದಲ್ಲಿ ಬಸ್ಸು ತೊಳೆಯುವ ಜಾಗದ ಹಿಂದೆ ಹಳೆಯ ಟೈರುಗಳ ಒಂದು ರಾಶಿ. ಚಹಾದ ಹೊತ್ತಿಗೆ ಅಲ್ಲಿ ಮೂವರು ತಪ್ಪದೆ ಸೇರುತ್ತಿದ್ದರು. ಮೂವರಿಗೂ ವಿಡಿಯೋ ಗೇಮಿನ ಹುಚ್ಚು. ಒಬ್ಬರು ಬಸ್ ಪಾಸು ಕೊಡುವ ಕಿಟಕಿಯ ಮೇಡಂ. ಕನ್ನಡಕವನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡ, ಧ್ವನಿ ಏರಿಸಿ ಗೊತ್ತಿಲ್ಲದ ಹೆಂಗಸು. ಚಹಾ ಆರಿಸುತ್ತ, “ನಿನ್ನೆ ಮತ್ತೆ ಸತ್ತೆ,” ಎಂದು ಹವಾಮಾನ ಹೇಳಿದ ಹಾಗೆ ಹೇಳುವರು. ಹಿಮದ ಕೋಟೆಯೊಂದರ ಬಾಗಿಲಲ್ಲಿ ಒಬ್ಬ ರಾಕ್ಷಸ ನಿಂತಿದ್ದಾನಂತೆ, ಇವರು ಕತ್ತಿ ಎತ್ತುವುದರೊಳಗೆ ಅವನು ಇವರನ್ನು ಸೊಳ್ಳೆ ಹೊಡೆದ ಹಾಗೆ ಹೊಡೆಯುತ್ತಾನಂತೆ. ಎರಡನೆಯವನು ವೆಲ್ಡರ್. ಅವನದು ಸಮುದ್ರದಡಿ ಮುಳುಗಿದ ಒಂದು ಊರು. ಬೀರುವಿನೊಳಗೆ ಅಡಗಿ ಕೂತಿದ್ದಾಗ ಕಿಟಕಿಯಾಚೆ ಏನೋ ಈಜಿಹೋಯಿತಂತೆ. “ಅದರ ಕಣ್ಣೊಂದೇ ದಾಟೋಕೆ ಅಷ್ಟು ಹೊತ್ತು ಬೇಕಾಯ್ತು. ಇನ್ನು ಬಾಲ ಬರೋವರೆಗೆ ಕಾಯೋ ಧೈರ್ಯ ಯಾರಿಗಿದೆ?” ಎಂದು ಅವನು ಕೇಳುತ್ತಿದ್ದ. ಮೂರನೆಯವನು ಎಲೆಕ್ಟ್ರಿಷಿಯನ್. ಅವನು ಆಕಾಶನೌಕೆಯಲ್ಲಿ ಹೋಗಿ ಹೋಗಿ, ಕಾಲಿಟ್ಟಲ್ಲೆಲ್ಲ ಹುಲ್ಲು ಬೆಳಗುವ ಯಾವುದೋ ಗ್ರಹದಲ್ಲಿ ಇಳಿದಿದ್ದ.

ಉಗ್ರಾಣಿ ಲೋಟ ಹಿಡಿದು ಪಕ್ಕದಲ್ಲಿ ನಿಂತು ಬಾಯಿ ತೆರೆದು ಕೇಳುತ್ತಿದ್ದ. ತಾನು ಬೇರಿಂಗಿಗೆ ಚೀಟಿ ಬರೆದ ದಿನವೇ ಈ ಜನ ಸಮುದ್ರದಡಿಗೆ ಹೋಗಿ ಬಂದಿದ್ದಾರೆ ಎನ್ನುವುದು ಅವನಿಗೆ ಮನುಷ್ಯಮಾತ್ರರ ಸಂಗತಿಯಾಗಿ ಕಾಣುತ್ತಿರಲಿಲ್ಲ.

ಒಂದು ದಿನ ಪಾಸ್ ಮೇಡಂ ಅವನ ಕಡೆ ತಿರುಗಿ, ನೀವೇನು ಆಡುತ್ತಿದ್ದೀರಿ ಎಂದು ಕೇಳಿಬಿಟ್ಟರು. ಏನೂ ಇಲ್ಲ ಎಂದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮೂರು ಜೋಡಿ ಕಣ್ಣುಗಳು ತನ್ನನ್ನೇ ನೋಡುತ್ತಿರುವಾಗ ಏನೂ ಇಲ್ಲ ಎನ್ನಲು ಒಂದು ಬಗೆಯ ಗಂಡೆದೆ ಬೇಕು. ಉಗ್ರಾಣಿಯ ಎದುರಿಗೆ ಒಂದು ಬಸ್ಸು ನಿಂತಿತ್ತು. ಅದರ ಮೈತುಂಬ ಸಿಮೆಂಟಿನ ಜಾಹೀರಾತು: ಒಂದು ಬೆಟ್ಟ, ಬೆಟ್ಟದ ಮೇಲೊಂದು ಕುದುರೆ, ಪಕ್ಕದಲ್ಲಿ ಒಬ್ಬ ಮನುಷ್ಯ.

“ಅದೇ, ಕುದುರೆ ಇದೆಯಲ್ಲ. ಬೆಟ್ಟ ಎಲ್ಲ ಇದೆಯಲ್ಲ, ಅದು,” ಎಂದ.

ಎಲೆಕ್ಟ್ರಿಷಿಯನ್‌ಗೆ ತಕ್ಷಣ ಗೊತ್ತಾಯಿತು. ಅಂಥದ್ದೊಂದು ಆಟ ನಿಜಕ್ಕೂ ಇತ್ತು, ಅವನು ಅದನ್ನು ಆಡಿ ಮುಗಿಸಿಯೂ ಇದ್ದ. ಎಲ್ಲಿಯವರೆಗೆ ಬಂದಿರಿ ಎಂದು ಕೇಳಿದ. ಜಾಹೀರಾತಿನಲ್ಲಿ ಬೆಟ್ಟದಾಚೆಗೆ ಏನೂ ಇರಲಿಲ್ಲವಾದ್ದರಿಂದ ಬೆಟ್ಟದ ಮೇಲೆ ಇದ್ದೇನೆ ಎಂದು ಉಗ್ರಾಣಿ ಹೇಳಿದ.

“ಅಲ್ಲೇನ್ ಮಾಡ್ತಿದೀರಿ?”

ಉಗ್ರಾಣಿ ಬಸ್ಸನ್ನು ಇನ್ನೊಮ್ಮೆ ನೋಡಿದ. ಚಿತ್ರದ ಮನುಷ್ಯ ಏನೂ ಮಾಡುತ್ತಿರಲಿಲ್ಲ.

“ಸುಮ್ನೆ ನಿಂತಿದೀನಿ. ನೋಡ್ತಾ ಇದೀನಿ.”

ಎಲೆಕ್ಟ್ರಿಷಿಯನ್ ಲೋಟ ಕೆಳಗಿಟ್ಟ. ತಾನು ಆ ಬೆಟ್ಟದ ಮೇಲಿಂದ ಎಷ್ಟೋ ಸಲ ಕುದುರೆ ಓಡಿಸಿದ್ದೇನೆ, ಒಂದು ಸಲವೂ ತಲೆಯೆತ್ತಿ ನೋಡಲಿಲ್ಲ ಎಂದು ಪಾಪ ಒಪ್ಪಿಕೊಂಡವನ ಹಾಗೆ ಹೇಳಿದ. ಪಾಸ್ ಮೇಡಂ ಕೊರಳಿನ ಕನ್ನಡಕವನ್ನು ಏರಿಸಿ ಉಗ್ರಾಣಿಯನ್ನು ಮೊದಲ ಬಾರಿಗೆಂಬಂತೆ ನೋಡಿದರು. ಏನೇನು ಕಂಡಿರಿ ಎಂದು ಸೋಮವಾರ ವಿವರವಾಗಿ ಹೇಳಬೇಕೆಂದು ತೀರ್ಮಾನವಾಯಿತು.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಉಗ್ರಾಣಿ ತನ್ನ ಸುಳ್ಳಿಗೆ ಕಾಲು ಜೋಡಿಸಲು ಸಂಜೆಯೇ ಹೆಂಡತಿಯ ತಮ್ಮನ ಅಂಗಡಿಗೆ ಹೋದ. ಈ ಬಾಮೈದ ಮೊಬೈಲ್ ರಿಪೇರಿ ಮಾಡುವವನು, ತನ್ನ ಹಳೆಯ ಆಟದ ಪೆಟ್ಟಿಗೆಯನ್ನು ತಂದು ಭಾವನ ಮನೆಯ ಟೀವಿಗೆ ಜೋಡಿಸಿಕೊಟ್ಟ. ಗುಂಡಿಗಳಿದ್ದ ರಿಮೋಟನ್ನು ಕೈಗಿಟ್ಟು, ಇದನ್ನು ಒತ್ತಿದರೆ ಹಾರುತ್ತಾನೆ, ಇದನ್ನು ಒತ್ತಿದರೆ ಬಗ್ಗುತ್ತಾನೆ, ಇದನ್ನು ಹಿಡಿದು ಅದನ್ನು ಒತ್ತಿದರೆ ಈಜುತ್ತಾನೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಉಗ್ರಾಣಿ ತನ್ನ ರಾಜಕೀಯದಂತೆ ಎಲ್ಲಕ್ಕೂ ಹೌದು ಎಂದ. ನನ್ನನ್ನು ಬೆಟ್ಟದ ಮೇಲೆ ಬಿಟ್ಟುಬಿಡು, ಸಾಕು ಎಂದು ಕೇಳಿಕೊಂಡ. ಬಾಮೈದ ಆ ಕುದುರೆಯ ಆಟ ಹಾಕಿ, ಸವಾರನನ್ನೂ ಕುದುರೆಯನ್ನೂ ಬೆಟ್ಟದ ತುದಿಗೆ ತಂದು ನಿಲ್ಲಿಸಿ, ಅಂಗಡಿಯಲ್ಲಿ ಗಿರಾಕಿ ಕಾಯುತ್ತಿದ್ದಾನೆಂದು ಹೊರಟುಹೋದ.

ಉಗ್ರಾಣಿ ಧೈರ್ಯ ಮಾಡಿ ಒಂದು ಗುಂಡಿ ಒತ್ತಿದ. ಸವಾರ ಕತ್ತಿ ಹಿರಿದ. ಗಾಬರಿಯಾಗಿ ಇನ್ನೊಂದು ಒತ್ತಿದ. ಸವಾರ ಪಕ್ಕದಲ್ಲಿದ್ದ ಕುದುರೆಗೇ ಒಂದು ಬಾರಿಸಿದ. ಕುದುರೆ ಕೆನೆದು ಇಳಿಜಾರಿನಲ್ಲಿ ಓಡಿ ಕಣ್ಮರೆಯಾಯಿತು. ಮೂಲೆಯ ಕುರ್ಚಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅತ್ತೆ, ಅಂದರೆ ಹೆಂಡತಿಯ ತಾಯಿ, ತಲೆಯೆತ್ತಿ ನೋಡಿದರು.

“ಬಾಯಿಲ್ಲದ ಪ್ರಾಣಿ ಮೇಲೆ ಕೈ ಮಾಡ್ತೀರಾ? ನಿಮ್ಮನ್ನ ಸಾಧು ಮನುಷ್ಯ ಅಂದ್ಕೊಂಡು ಹೆಣ್ಣು ಕೊಟ್ಟಿದ್ವಿ.”

ಉಗ್ರಾಣಿ ಅಳುವುದೊಂದು ಬಾಕಿ. ಮತ್ತೆ ಗುಂಡಿಗಳ ತಂಟೆಗೆ ಹೋಗುವುದಿಲ್ಲವೆಂದು ಅತ್ತೆಯ ಮುಂದೆ ಮಾತು ಕೊಟ್ಟ. ಬಲಗಡೆಯ ಸಣ್ಣ ಕಡ್ಡಿಯೊಂದನ್ನು ಹೆಬ್ಬೆರಳಿನಿಂದ ಸರಿಸಿದರೆ ಸುತ್ತಲೂ ನೋಡಬಹುದೆಂದು ಆಕಸ್ಮಿಕವಾಗಿ ತಿಳಿಯಿತು. ಅದರಿಂದ ಯಾರಿಗೂ ನೋವಾಗುತ್ತಿರಲಿಲ್ಲ. ಹಾಗಾಗಿ ಅವನು ನೋಡಿದ.

ಕೆಳಗೆ ಕಣಿವೆ. ಕಣಿವೆಯ ಮೇಲೆ ಮೋಡದ ನೆರಳು ಹಸುವಿನ ಹಾಗೆ ಮೆಲ್ಲಗೆ ಮೇಯುತ್ತ ಹೋಗುತ್ತಿತ್ತು. ಹುಲ್ಲಿನ ಮೇಲೆ ಗಾಳಿ ಬಂದರೆ ಯಾರೋ ಅದೃಶ್ಯ ಕೈಯಿಂದ ಸವರಿದ ಹಾಗೆ ಗುಡ್ಡದುದ್ದಕ್ಕೂ ಒಂದು ಗೆರೆ ಓಡುತ್ತಿತ್ತು. ಬಹಳ ದೂರದಲ್ಲಿ ಒಂದು ಹೊಳೆ, ಬಿಸಿಲು ಬಿದ್ದಾಗ ಮಾತ್ರ ತಾನಿದ್ದೇನೆ ಎಂದು ಹೇಳಿ ಸುಮ್ಮನಾಗುತ್ತಿತ್ತು. ಆಮೇಲೆ ಆಕಾಶದ ಒಂದು ಮೂಲೆ ಕಪ್ಪಾಯಿತು. ಮಳೆ ಬರುತ್ತಿರುವುದು ಅಷ್ಟು ದೂರದಿಂದಲೇ ಕಂಡಿತು, ಪರದೆ ಎಳೆದ ಹಾಗೆ, ಮೊದಲು ಹೊಳೆಯನ್ನು, ಆಮೇಲೆ ಕಾಡನ್ನು, ಆಮೇಲೆ ಇಳಿಜಾರನ್ನು ಅಳಿಸುತ್ತ. ಅದು ಸವಾರನ ತಲೆಯ ಮೇಲೆ ಬಂದು ಸುರಿದಾಗ ಉಗ್ರಾಣಿ ತನ್ನ ತೋಳು ಒರೆಸಿಕೊಂಡ. ಊಟಕ್ಕೆ ಕರೆಯಲು ಬಂದ ಹೆಂಡತಿ ಸೌಟು ಹಿಡಿದುಕೊಂಡೇ ಕುಳಿತಳು. ಮಳೆ ನಿಂತ ಮೇಲೆ ಹಿಂದಿನಿಂದ ಏನೋ ಸದ್ದಾಯಿತು. ಕುದುರೆ ತಾನಾಗಿ ವಾಪಸು ಬಂದು, ಹೊಡೆದವನ ಹೆಗಲ ಮೇಲೆಯೇ ಮುಖವಿಟ್ಟಿತು.

“ನೋಡಿ ಕಲೀರಿ,” ಎಂದರು ಅತ್ತೆ, ಯಾರಿಗೆಂದು ಹೇಳದೆ.

ಸೋಮವಾರ ಉಗ್ರಾಣಿ ಟೈರಿನ ರಾಶಿಯ ಬಳಿ ಕಂಡದ್ದನ್ನು ಕಂಡಂತೆ ಹೇಳಿದ. ಒಂದಕ್ಷರವೂ ಸುಳ್ಳಿರಲಿಲ್ಲ. ಕುದುರೆಗೆ ಹೊಡೆದದ್ದೊಂದನ್ನು ಬಿಟ್ಟ, ಸವಾರನನ್ನು ನಡೆಸಲು ತನಗೆ ಬರುವುದಿಲ್ಲ ಎನ್ನುವುದನ್ನೂ ಬಿಟ್ಟ. ಕೇಳಿದ ಮೂವರ ಚಹಾ ಆರಿ ಕೆನೆಗಟ್ಟಿತು. ಇಷ್ಟು ವರ್ಷ ತಾವು ಆಡಿದ್ದು ಆಟವೇ ಅಲ್ಲವೆಂದು ವೆಲ್ಡರ್ ಘೋಷಿಸಿದ. ಆ ವಾರ ಮೂವರೂ ತಂತಮ್ಮ ಲೋಕಗಳಿಗೆ ಹೋಗಿ, ಕೈ ಕಟ್ಟಿ ನಿಂತರು.

ಬಂದು ಹೇಳಿದ ವರದಿಗಳು ಒಂದಕ್ಕಿಂತ ಒಂದು ಹೆಚ್ಚು. ಎಲೆಕ್ಟ್ರಿಷಿಯನ್ ನೌಕೆ ನಿಲ್ಲಿಸಿ ಎರಡು ಸೂರ್ಯ ಒಂದರ ಹಿಂದೊಂದು ಮುಳುಗುವುದನ್ನು ನೋಡಿದ್ದ, ಎರಡನೆಯದು ಮುಳುಗುವಾಗ ಅವನಿಗೆ ತನ್ನ ಅಣ್ಣನ ನೆನಪಾಯಿತಂತೆ. ವೆಲ್ಡರ್ ಬೀರುವಿನೊಳಗೆ ಕಾದು, ಕೊನೆಗೂ ಆ ಜೀವದ ಬಾಲವನ್ನು ನೋಡಿದ್ದ. ಬಾಲದ ಹಿಂದೆ ಅದರ ಮರಿ ಇತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಸುದ್ದಿ ತಂದವರು ಪಾಸ್ ಮೇಡಂ.

“ಇನ್ಮೇಲೆ ಆ ರಾಕ್ಷಸನ ಮೇಲೆ ಯಾರೂ ಕೈ ಮಾಡೋದು ಬೇಡ,” ಎಂದರು ಮೆಲ್ಲಗೆ. “ಉಗ್ರಾಣಿಯವರು ಹೇಳ್ದ ಹಾಗೆ ಆಯುಧ ಕೆಳಗಿಟ್ಟು ಸುಮ್ನೆ ಎದುರಿಗೆ ನಿಂತ್ಕೊಳ್ಳಿ ಸಾಕು. ಸ್ವಲ್ಪ ಹೊತ್ತಿಗೆ ಅವನೇ ಕೂತ್ಕೊಳ್ತಾನೆ. ಕೂತು ತನ್ನ ಕೈ ತಾನು ನೋಡ್ಕೊಳ್ತಾನೆ. ಪಾಪ ಅನ್ಸುತ್ತೆ.”

ಈ ಮಾತನ್ನು ಕೇಳಿದವರು ಟೈರಿನ ಬಳಿ ಇದ್ದವರಷ್ಟೇ ಅಲ್ಲ. ಬಸ್ಸಿನ ಆ ಮಗ್ಗುಲಲ್ಲಿ ಡಿಪೋ ಮ್ಯಾನೇಜರು ನಿಂತಿದ್ದರು. ಬಡ್ತಿ ಇನ್ನೇನು ಬಂತು ಎಂಬ ನಂಬಿಕೆಯಲ್ಲಿ ಕೂದಲು ಉದುರಿಸಿಕೊಂಡಿದ್ದ ಅವರಿಗೆ, ಡಿಪೋದಲ್ಲಿ ಎಲ್ಲಿ ರಾಕ್ಷಸ ಎಂಬ ಮಾತು ಬಂದರೂ ಅದು ತಮ್ಮನ್ನೇ ಕುರಿತದ್ದೆಂದು ಗೊತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿ. ಅವರು ಸದ್ದಿಲ್ಲದೆ ತಮ್ಮ ಕೋಣೆಗೆ ಹೋಗಿ ಕುಳಿತರು. ಕುಳಿತು ನೋಡಿದರೆ, ತಮ್ಮ ಕೈಯನ್ನು ತಾವೇ ನೋಡುತ್ತಿದ್ದರು. ತಟ್ಟನೆ ಎರಡೂ ಕೈಗಳನ್ನು ಮೇಜಿನ ಕೆಳಗೆ ಅಡಗಿಸಿದರು.

ಆಯುಧ ಕೆಳಗಿಡುವುದೆಂದರೆ ಕೆಲಸ ನಿಲ್ಲಿಸುವುದು ಎಂಬ ಅವರ ಅನುಮಾನಕ್ಕೆ ಮರುದಿನ ಸಾಕ್ಷಿಯೂ ಸಿಕ್ಕಿತು. ಬಸ್ಸು ತೊಳೆಯುವ ನೀರಿನ ಪೈಪು ಎಲ್ಲೋ ಸೀಳಿ, ಎತ್ತರಕ್ಕೆ ಚಿಮ್ಮಿದ ಹನಿಗಳಲ್ಲಿ ಕಾಮನಬಿಲ್ಲು ಮೂಡಿತ್ತು. ಬೇರೆ ದಿನವಾಗಿದ್ದರೆ ಯಾರಾದರೂ ಬೈದು ನಲ್ಲಿ ನಿಲ್ಲಿಸುತ್ತಿದ್ದರು. ಈಗ ಉಗ್ರಾಣಿಯ ಸಹವಾಸದಿಂದ ಡಿಪೋದ ಕಣ್ಣು ತೆರೆದಿತ್ತು. ವೆಲ್ಡರ್ ನಿಂತ, ಅವನನ್ನು ನೋಡಿ ಚಾಲಕರು ನಿಂತರು, ಚಾಲಕರನ್ನು ನೋಡಿ ನಿರ್ವಾಹಕರು ನಿಂತರು. ಮ್ಯಾನೇಜರು ಕಿಟಕಿಯಿಂದ ನೋಡಿದರೆ ಇಡೀ ಡಿಪೋ ಸ್ಪ್ಯಾನರು ಕೆಳಗಿಟ್ಟು, ಮಾತಿಲ್ಲದೆ, ಘೋಷಣೆಯಿಲ್ಲದೆ ನಿಂತಿದೆ. ನಟ್ಟನಡುವೆ ಉಗ್ರಾಣಿ.

ಅವನನ್ನು ಒಳಗೆ ಕರೆಸಿದರು. ಎಷ್ಟು ದಿನ ಹೀಗೆ ನಿಂತಿರುತ್ತೀರಿ ಎಂದು ಕೇಳಿದರು. ಆಟದ ಸುದ್ದಿ ಇವರವರೆಗೂ ಬಂತಲ್ಲ ಎಂದು ಉಗ್ರಾಣಿಗೆ ನಾಚಿಕೆಯೂ ಸ್ವಲ್ಪ ಹೆಮ್ಮೆಯೂ ಆಯಿತು. ಹೇಳೋಕಾಗಲ್ಲ ಸಾರ್, ನೋಡುವಷ್ಟೂ ಇದೆ ಎಂದ.

ಮ್ಯಾನೇಜರು ಮೇಜಿನ ಮೇಲೆ ಬಾಗಿದರು. “ನೀವು ಇಷ್ಟು ಧೈರ್ಯದವರಲ್ಲ. ನನಗೆ ಗೊತ್ತು. ನಿಮ್ಮ ಹಿಂದೆ ಯಾರಿದಾರೆ?”

ಉಗ್ರಾಣಿ ಯೋಚಿಸಿದ. ಬೆಟ್ಟದ ಮೇಲೆ ತನ್ನ ಹಿಂದೆ ಇದ್ದದ್ದು ಒಂದೇ.

“ಕುದುರೆ ಸಾರ್.”

ಅವನು ಆಚೆ ಹೋದ ಕೂಡಲೇ ಮ್ಯಾನೇಜರು ಪ್ರಾದೇಶಿಕ ಕಚೇರಿಗೆ ಫೋನು ಮಾಡಿ, ಡಿಪೋದಲ್ಲಿ ನಿಂತುಕೊಳ್ಳುವ ಮುಷ್ಕರ ಶುರುವಾಗಿದೆ, ಮುಂದೆ ಉಗ್ರಾಣಿ, ಹಿಂದೆ ಕುದುರೆ ಎಂಬ ಅಡ್ಡಹೆಸರಿನ ಒಬ್ಬ ಕುಳ ಎಂದು ತಿಳಿಸಿದರು. ಬೇಡಿಕೆ ಏನು ಎಂದು ಅಲ್ಲಿಂದ ಕೇಳಿದರು. ಏನೂ ಕೇಳುತ್ತಿಲ್ಲ ಎಂದು ಇವರು ಹೇಳಿದರು. ಬೇಡಿಕೆಯಿರುವ ಮುಷ್ಕರಗಳನ್ನು ಪ್ರಾದೇಶಿಕ ಕಚೇರಿ ಅರೆದು ಕುಡಿದಿತ್ತು. ಬೇಡಿಕೆಯೇ ಇಲ್ಲದ ಮುಷ್ಕರವನ್ನು ಏನು ಕೊಟ್ಟು ನಿಲ್ಲಿಸುವುದು? ಕುದುರೆಗಾಗಿ ಹುಡುಕಾಟವೂ ನಡೆಯಿತು. ಪಕ್ಕದ ಡಿಪೋದಲ್ಲಿ ಮುಖ ಸ್ವಲ್ಪ ಉದ್ದವಿದ್ದ ಒಬ್ಬ ನಿರುಪದ್ರವಿ ಚಾಲಕನನ್ನು ರಜೆಯಿಂದ ಕರೆಸಿ, ಬೆಟ್ಟದ ವಿಷಯ ನಿನಗೇನು ಗೊತ್ತು ಎಂದು ಕೇಳಿದರು. ಬೆಟ್ಟದಲ್ಲಿ ಎರಡನೇ ಗೇರಿನಲ್ಲಿ ಹೋಗಬೇಕು ಎಂದು ಅವನು ಉತ್ತರಿಸಿದ. ಅದನ್ನೂ ಸಂಕೇತಭಾಷೆ ಎಂದುಕೊಂಡರು.

ಉಗ್ರಾಣಿಗೆ ಮಾತ್ರ ತಲೆಬುಡ ತಿಳಿಯದ ಒಂದು ಸುದ್ದಿ ಬಂದು ಮುಟ್ಟಿತು: ಅವನನ್ನು ದಿನಕ್ಕೊಂದೇ ಬಸ್ಸು ಹೋಗುವ ಯಾವುದೋ ದೂರದ ಡಿಪೋಗೆ ಎತ್ತಿ ಹಾಕುತ್ತಾರಂತೆ. ಹೆಂಡತಿ ಊಟ ಬಿಟ್ಟಳು. ಮಗಳ ಶಾಲೆ, ತಾಯಿಯ ಮಂಡಿ ನೋವು, ಈಗಷ್ಟೇ ಸುಣ್ಣ ಬಳಿಸಿದ ಮನೆ, ಎಲ್ಲವನ್ನೂ ಬಿಟ್ಟು ಹೋಗುವುದು ಹೇಗೆಂದು ಕೇಳಿದಳು. ಚಹಾದ ಹೊತ್ತಿನಲ್ಲಿ ಆಟದ ಮಾತಾಡಿದ್ದಕ್ಕೇ ಈ ಶಿಕ್ಷೆ ಎಂದು ಉಗ್ರಾಣಿ ತಿಳಿದ. ಅತ್ತೆ ಮಾತ್ರ, ಅಲ್ಲಿ ಕುದುರೆಗೆ ಮೇವು ಸಿಗುತ್ತದೋ ಇಲ್ಲವೋ ಎಂದು ಚಿಂತಿಸಿದರು.

ಬರಬಾರದ ಕಷ್ಟ ಒಂಟಿಯಾಗಿ ಬರುವುದಿಲ್ಲ. ವರ್ಗವಾಗುವ ಮೊದಲು ಒಮ್ಮೆ ನೀವು ನಿಲ್ಲುವುದನ್ನು ಕಣ್ಣಾರೆ ನೋಡಬೇಕು ಎಂದು ಭಾನುವಾರ ಬೆಳಿಗ್ಗೆ ಆ ಮೂವರೂ ಮನೆಗೇ ಬಂದರು. ಟೀವಿಯ ಮುಂದೆ ಚಾಪೆಯ ಮೇಲೆ ಸಾಲಾಗಿ ಕುಳಿತರು. ಸ್ವಲ್ಪ ನಡೆದು ತೋರಿಸಿ ಎಂದು ಯಾರಾದರೂ ಒಂದು ಮಾತು ಅಂದರೆ ಅವನ ಗುರುಪಟ್ಟ ಅಲ್ಲಿಗೇ ಮಣ್ಣುಗೂಡುತ್ತಿತ್ತು. ಪುಣ್ಯಕ್ಕೆ ಯಾರೂ ಅನ್ನಲಿಲ್ಲ. ಅಷ್ಟರಲ್ಲಿ ದೂರದ ಆಕಾಶ ಕಪ್ಪಾಗಿ, ಮಳೆ ಹೊಳೆಯನ್ನು ದಾಟಲು ಶುರುಮಾಡಿತ್ತು.

ಆ ಹೊತ್ತಿಗೆ ತೆರೆದ ಬಾಗಿಲಲ್ಲಿ ಇಬ್ಬರು ಬಂದು ನಿಂತರು. ಒಬ್ಬರು ಮ್ಯಾನೇಜರು. ಇನ್ನೊಬ್ಬರು ಪ್ರಾದೇಶಿಕ ಅಧಿಕಾರಿ, ಎಂಥೆಂಥ ಮುಷ್ಕರಗಳನ್ನು ಧ್ವನಿ ಏರಿಸದೆ ಮುಗಿಸಿದ ದಪ್ಪ ಮನುಷ್ಯ. ಒಳಗಿದ್ದವರಲ್ಲಿ ಒಬ್ಬರೂ ಏಳಲಿಲ್ಲ, ತಿರುಗಲೂ ಇಲ್ಲ. ನೋಡಿದಿರಾ ಸಾರ್, ಮನೆಯಲ್ಲೂ ಅಭ್ಯಾಸ ನಡೆಸುತ್ತಿದ್ದಾರೆ ಎಂದು ಮ್ಯಾನೇಜರು ಪಿಸುಗುಟ್ಟಿದರು. ಅಧಿಕಾರಿ ಅವರನ್ನು ಬಾಗಿಲಲ್ಲೇ ನಿಲ್ಲಿಸಿ, ಟೀವಿಗೆ ಬೆನ್ನು ಮಾಡಿ, ಉಗ್ರಾಣಿಯ ಎದುರಿಗೆ ಸ್ಟೂಲೆಳೆದು ಕುಳಿತರು.

“ನೇರವಾಗಿ ಕೇಳ್ತೀನಿ. ನಿಮಗೆ ಏನ್ ಬೇಕು?”

“ಏನೂ ಬೇಡ ಸಾರ್.”

“ಏನೂ ಬೇಡದೆ ಇಷ್ಟು ದಿನ ಯಾರಾದ್ರೂ ನಿಲ್ತಾರಾ?”

ಉಗ್ರಾಣಿ ಗುಟ್ಟು ರಟ್ಟಾಯಿತೆಂದುಕೊಂಡ. ಇವರು ಯಾರೋ ಬಹಳ ತಿಳಿದವರು, ನಿಂತ ರೀತಿ ನೋಡಿಯೇ ಕಂಡುಹಿಡಿದಿದ್ದಾರೆ. ಪಕ್ಕದವರಿಗೆ ಕೇಳಿಸದಂತೆ ಮುಂದೆ ಬಾಗಿದ.

“ಇಳಿಯೋದು ಹೇಗೆ ಅಂತ ನನಗೆ ಗೊತ್ತಿಲ್ಲ ಸಾರ್. ಯಾರೋ ತಂದು ಮೇಲೆ ನಿಲ್ಲಿಸಿ ಹೋಗ್ಬಿಟ್ರು. ಈಗ ಎಲ್ಲರೂ ನನ್ನನ್ನೇ ನೋಡ್ತಿದಾರೆ. ಹೇಳ್ಕೊಳೋಕೆ ನಾಚಿಕೆ.”

ನೂರಾರು ನಾಯಕರನ್ನು ಕಂಡಿದ್ದ ಅಧಿಕಾರಿಗೆ ಮನಸ್ಸಿನಲ್ಲಿದ್ದದ್ದನ್ನು ಹೀಗೆ ಬಿಚ್ಚಿ ಹೇಳಿದ ನಾಯಕ ಇವನೊಬ್ಬನೇ. ಅವರು ಉಗ್ರಾಣಿಯ ಮೊಣಕಾಲಿನ ಮೇಲೆ ಕೈಯಿಟ್ಟರು. ನಿಮ್ಮ ಮರ್ಯಾದೆಗೆ ಕುಂದು ಬರದ ಹಾಗೆ ನಾನೇ ಇಳಿಸುತ್ತೇನೆ, ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದರು. ವರ್ಗಾವಣೆ ರದ್ದು. ನಿಮ್ಮ ಕೋಣೆಯ ಸೂರು ಸೋರುತ್ತದಂತೆ, ಅದನ್ನೂ ಸರಿಮಾಡಿಸುತ್ತೇನೆ. ಸಾಲಿನಲ್ಲಿದ್ದ ಪಾಸ್ ಮೇಡಂ, ಕಿಟಕಿಯ ಫ್ಯಾನು ತಿರುಗುತ್ತಿಲ್ಲ ಎಂದು ಟೀವಿಯಿಂದ ಕಣ್ಣು ತೆಗೆಯದೆ ನೆನಪಿಸಿದರು. ಅದೂ ಆಗಲಿ ಎಂದರು ಅಧಿಕಾರಿ. ಕೊನೆಗೆ ಔದಾರ್ಯದ ಭರದಲ್ಲಿ, “ಕುದುರೆ ಮೇಲೂ ಯಾವ ಕ್ರಮ ತಗೊಳ್ಳಲ್ಲ,” ಎಂದು ಸೇರಿಸಿದರು.

“ಕ್ರಮ ಆಮೇಲಿರಲಿ, ಮೊದಲು ಅದಕ್ಕೆ ತಿನ್ನೋಕೆ ಏನಾದ್ರೂ ಕೊಡ್ಸಿ,” ಎಂದರು ಮೂಲೆಯಿಂದ ಅತ್ತೆ. “ಬಂದಾಗಿಂದ ನಾನೇ ನೋಡ್ತಿದೀನಿ, ಒಂದೆಸಳು ಹುಲ್ಲು ಮುಟ್ಟಿಲ್ಲ. ಇವರಿಗೆ ಮೇಯಿಸೋಕೂ ಬರಲ್ಲ.”

ಎಲ್ಲಿದ್ದಾನೆ ಅವನು ಎಂದು ಅಧಿಕಾರಿ ಕೇಳಿದರು. ಅತ್ತೆ ಬೆರಳು ತೋರಿಸಿದರು. ಅಧಿಕಾರಿ ಸ್ಟೂಲಿನ ಮೇಲೆಯೇ ಹಿಂದಕ್ಕೆ ತಿರುಗಿದರು.

ಮಳೆ ಆಗಷ್ಟೇ ಬೆಟ್ಟವನ್ನು ದಾಟಿ ಹೋಗಿತ್ತು. ಮೋಡ ಒಂದು ಕಡೆ ಬಿರಿದು, ಬಿಸಿಲಿನ ಕೋಲೊಂದು ಕಣಿವೆಯೊಳಗೆ ಇಳಿದು, ಹೊಳೆಯುದ್ದಕ್ಕೂ ನಡೆದುಹೋಯಿತು. ಒದ್ದೆ ಕುದುರೆ ಮೈ ಕೊಡವಿತು. ಒಂದು ಕ್ಷಣ ಹನಿಗಳೆಲ್ಲ ಬೆಳಕಾದವು.

ಮ್ಯಾನೇಜರು ಬಾಗಿಲಿನಿಂದ ಸಾರ್ ಎಂದರು. ಅಧಿಕಾರಿ ಹಿಂದೆ ನೋಡದೆ ಒಂದು ಕೈ ಎತ್ತಿ ತಡೆದರು. ಮುಷ್ಕರವೂ ಇಲ್ಲ, ನಾಯಕನೂ ಇಲ್ಲ, ಮೂರು ಜನ ಆಟ ನೋಡುತ್ತಿದ್ದಾರೆ ಅಷ್ಟೇ ಎಂಬುದು ಅವರಿಗೆ ಆ ಹೊತ್ತಿಗೆ ಅರ್ಥವಾಗಿರಲೇಬೇಕು. ಆದರೆ ಅವರು ಹೇಳಿದ್ದು ಇಷ್ಟೇ: ಇಂಥದ್ದನ್ನು ಮೊಮ್ಮಗಳು ತೋರಿಸಿದ್ದಳು, ಓಡಿಸಿ ಓಡಿಸಿ ಮುಗಿಸಿದೆ, ಇದು ಹೀಗಿದೆ ಎಂದು ಗೊತ್ತೇ ಇರಲಿಲ್ಲ.

ಆಮೇಲೆ ಉಗ್ರಾಣಿಗೆ ಕೊಟ್ಟ ಮಾತು ನೆನಪಾಗಿ ಅವನ ರಿಮೋಟಿನ ಕಡೆ ಕೈ ಚಾಚಿದರು. ಎಡಗಡೆಯ ಕಡ್ಡಿ ಇದೆಯಲ್ಲ, ಅದನ್ನು ಮುಂದೆ ತಳ್ಳಿದರೆ ನಡೆಯುತ್ತಾನೆ ಎಂದರು. ಎಲೆಕ್ಟ್ರಿಷಿಯನ್ ಬಾಯಿ ತೆರೆದ, ಇವರಿಗೆ ಅದೂ ಗೊತ್ತಿರಲಿಲ್ಲವೇ ಎಂದು ಕೇಳುವವನಿದ್ದ. ಪಾಸ್ ಮೇಡಂ ಅವನ ಮೊಣಕೈ ಹಿಡಿದು ಸುಮ್ಮನಾಗಿಸಿದರು. ಉಗ್ರಾಣಿ ಕಡ್ಡಿ ತಳ್ಳಿದ, ಸವಾರ ಮೊದಲ ಹೆಜ್ಜೆ ಇಟ್ಟ. ಕುದುರೆ ಕರೆಯದೆಯೇ ಹಿಂದೆ ಬಂತು. ಇಬ್ಬರೂ ಒದ್ದೆ ಹುಲ್ಲಿನ ನಡುವೆ, ಕಲ್ಲು ತಪ್ಪಿಸುತ್ತ, ಇಳಿದು ಇಳಿದು ಹೊಳೆಯ ದಂಡೆಗೆ ಬಂದರು. ಕುದುರೆ ಬಾಗಿ ನೀರು ಕುಡಿಯಿತು. ಅತ್ತೆ ಸಮಾಧಾನದ ಉಸಿರು ಬಿಟ್ಟರು. ಅಲ್ಲಿ ಅಧಿಕಾರಿ ಉಗ್ರಾಣಿಯ ಬೆರಳ ಮೇಲೆ ಬೆರಳಿಟ್ಟು ನಿಲ್ಲಿಸಿ, ಸವಾರನ ಮುಖವನ್ನು ಬಂದ ದಾರಿಯ ಕಡೆ ಮೆಲ್ಲಗೆ ತಿರುಗಿಸಿದರು.

ಎದುರಿಗೆ ಬೆಟ್ಟವಿತ್ತು. ಅರ್ಧ ಆಕಾಶ ಅದೇ. ಸೊಂಟಕ್ಕೆ ಮೋಡ ಸುತ್ತಿಕೊಂಡು, ತುದಿಯಲ್ಲಿ ಬಿಸಿಲು ಹೊತ್ತು, ಅದು ಯಾರ ಹಂಗೂ ಇಲ್ಲದೆ ನಿಂತಿತ್ತು. ಇಷ್ಟು ದಿನ ಅದರ ಮೇಲೆಯೇ ಇದ್ದ ಉಗ್ರಾಣಿ ಅದನ್ನು ನೋಡಿಯೇ ಇರಲಿಲ್ಲ.

“ಅಲ್ಲೇನಾ ಸಾರ್ ನಾನಿದ್ದದ್ದು?”

“ಅಲ್ಲೇ.”

ಉಗ್ರಾಣಿಯ ಕಣ್ಣು ತೇವವಾಯಿತು. ಹೆಂಡತಿ ಬಂದು ಅವನ ಹಿಂದೆ ಕುಳಿತು ಹೆಗಲ ಮೇಲೆ ಗದ್ದವಿಟ್ಟಳು. ಆಗ ಅಂಜಿಕೆಯ ಸಣ್ಣ ದನಿಯೊಂದು ಕೇಳಿಸಿತು.

“ಸಾರ್, ಅಲ್ಲಿಗೆ ಮತ್ತೆ ಹತ್ತೋಕಾಗುತ್ತಾ?”

ಎಲ್ಲರೂ ತಿರುಗಿ ನೋಡಿದರು. ಕೇಳಿದವರು ಮ್ಯಾನೇಜರು. ಬಾಗಿಲು ಬಿಟ್ಟು ಯಾವಾಗ ಒಳಗೆ ಬಂದರೋ, ಚಾಪೆಯ ತುದಿಯಲ್ಲಿ ವೆಲ್ಡರನ ಪಕ್ಕ ಮಂಡಿಯೂರಿ ಕುಳಿತಿದ್ದರು.